ತಂಪುಪೆಟ್ಟಿಗೆ ಹೊತ್ತ ಕಾಲಾಳುಗಳು

2017ರ ಸೆಪ್ಟೆಂಬರ್. ಅಮೆರಿಕದ ಸ್ಯಾನ್ ಡಿಯಾಗೊ ನಗರದ ಈಸ್ಟ್ ವಿಲೇಜ್. ಒಂದು ಕಡೆ ಪೆಟ್ಕೊ ಪಾರ್ಕ್ ಬೇಸ್‌ಬಾಲ್ ಕ್ರೀಡಾಂಗಣ, ಗಾಜು ಹೊದ್ದ ಅಪಾರ್ಟ್‌ಮೆಂಟುಗಳು, ನಾಯಿ ಹಿಡಿದು ವಾಕಿಂಗ್ ಹೊರಟ ಜನ. ಕೆಲವೇ ಬೀದಿ ದಾಟಿದರೆ ಫುಟ್‌ಪಾತಿನುದ್ದಕ್ಕೂ ಡೇರೆಗಳು, ಟಾರ್ಪಾಲುಗಳು, ಸೂಪರ್‌ಮಾರ್ಕೆಟಿನ ತಳ್ಳುಗಾಡಿಯಲ್ಲಿ ತುಂಬಿಟ್ಟ ಸಂಸಾರ. ಕೆಂಪು ಟ್ರಾಲಿ ಗಂಟೆ ಬಾರಿಸುತ್ತ ಹಾದುಹೋಗುತ್ತದೆ. ಅದರ ಹಿಂದೆಯೇ ಬ್ಲೀಚಿನ ಘಾಟು: ಮೈತುಂಬ ರಕ್ಷಾ ಉಡುಪು ತೊಟ್ಟವರು ಬೀದಿಯನ್ನು ಕ್ಲೋರಿನ್ ನೀರಿನಿಂದ ತೊಳೆಯುತ್ತಿದ್ದಾರೆ. ಡೇರೆಯವರು ಗಂಟುಮೂಟೆ ಎತ್ತಿಕೊಂಡು ಪಕ್ಕಕ್ಕೆ ಸರಿದಿದ್ದಾರೆ.

ತೊಳೆಯುತ್ತಿರುವುದು ಹೆಪಟೈಟಿಸ್ ಎ ವೈರಸ್ಸನ್ನು. ನಮ್ಮ ಊರುಗಳಲ್ಲಿ ಕಾಮಾಲೆ ಎಂದೊಡನೆ ನೆಲನೆಲ್ಲಿ ರಸ, ಉಪ್ಪು-ಎಣ್ಣೆ ಇಲ್ಲದ ಪಥ್ಯ ನೆನಪಾಗುತ್ತದಲ್ಲ, ಅದರ ಒಂದು ಬಗೆ ಈ ವೈರಸ್ಸಿನಿಂದ ಬರುವ ರೋಗ. ನಮ್ಮಲ್ಲಿ ಬಹುಪಾಲು ಜನರಿಗೆ ಇದು ಗೊತ್ತೇ ಆಗದಂತೆ ಬಾಲ್ಯದಲ್ಲೇ ಬಂದುಹೋಗಿ, ಜೀವಮಾನದ ರಕ್ಷಣೆ ಕೊಟ್ಟಿರುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಮಕ್ಕಳೆಲ್ಲರಿಗೂ ಇದರ ಲಸಿಕೆ ಹಾಕಬೇಕೆಂಬ ಶಿಫಾರಸು ಬಂದದ್ದು 2006ರಲ್ಲಿ. ಅದಕ್ಕೆ ಮುಂಚೆ ಹುಟ್ಟಿದ ಬಹುತೇಕರು ರೋಗವನ್ನೂ ಕಂಡವರಲ್ಲ, ಲಸಿಕೆಯನ್ನೂ ಕಂಡವರಲ್ಲ. ಮಲದಿಂದ ಕೈಗೆ, ಕೈಯಿಂದ ಬಾಯಿಗೆ ದಾಟುವ ವೈರಸ್ಸಿಗೆ ಶೌಚಾಲಯವಿಲ್ಲದ ಫುಟ್‌ಪಾತಿಗಿಂತ ಒಳ್ಳೆಯ ಹಾದಿ ಬೇರೆ ಬೇಕೆ? ನಗರದ ಮಧ್ಯಭಾಗದಲ್ಲಿ ಸಾರ್ವಜನಿಕ ಶೌಚಾಲಯ ಸಾಲದು ಎಂದು, ಸ್ಥಳೀಯ ಆಡಳಿತದ ಮೇಲೆ ಕಣ್ಣಿಡುವ ನಾಗರಿಕ ಸಮಿತಿಗಳಾದ ಗ್ರ್ಯಾಂಡ್ ಜ್ಯೂರಿಗಳು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದವು. ಬರೆದದ್ದು ಬಹುಮಟ್ಟಿಗೆ ಕಡತದಲ್ಲೇ ಉಳಿಯಿತು.

ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತದ, ಆರೋಗ್ಯ ಅಧಿಕಾರಿಗಳು ರೋಗದ ಜಾಡು ಹಿಡಿದದ್ದು 2017ರ ಮಾರ್ಚ್‌ನಲ್ಲಿ. ಹಿಂದಕ್ಕೆ ಹುಡುಕುತ್ತ ಹೋದರೆ ಮೊದಲ ಪ್ರಕರಣಗಳು 2016ರ ನವೆಂಬರಿನವು. ಸೋಂಕು ತಗಲಿದ ಮೇಲೆ ಕಣ್ಣು ಹಳದಿಯಾಗುವುದಕ್ಕೆ 15ರಿಂದ 50 ದಿನ ಬೇಕು. ಅಷ್ಟು ದಿನ ಯಾರೊಂದಿಗೆ ಉಂಡೆ, ಎಲ್ಲಿ ಮಲಗಿದೆ ಎಂದು ವಿಳಾಸವೇ ಇಲ್ಲದವನನ್ನು ಕೇಳಿದರೆ ಅವನಾದರೂ ಏನು ಹೇಳಿಯಾನು? ಸೋಂಕಿತನ ಸಂಪರ್ಕಕ್ಕೆ ಬಂದವರಿಗೆ ಎರಡು ವಾರದೊಳಗೆ ಲಸಿಕೆ ಹಾಕಿದರೆ ರೋಗ ತಡೆಯಬಹುದು, ನಿಜ. ಆದರೆ ಆ ಸಂಪರ್ಕದವರ ಹೆಸರೇ ಸಿಗುವುದಿಲ್ಲ. ಹಾಗಾಗಿ ಒಬ್ಬೊಬ್ಬರನ್ನು ಹುಡುಕುವ ಬದಲು ಬೀದಿಗೆ ಬೀದಿಗೇ ಲಸಿಕೆ ಹಾಕುವುದೊಂದೇ ದಾರಿ.

ಅದೋ, ಕಾಲ್ನಡಿಗೆಯ ತಂಡ ಬಂತು. ಭುಜಕ್ಕೆ ತಂಪುಪೆಟ್ಟಿಗೆ ತೂಗುಹಾಕಿಕೊಂಡ ನರ್ಸ್, ಬೀದಿಯವರ ಗುರುತಿರುವ ಕಾರ್ಯಕರ್ತ, ಜೊತೆಗೊಬ್ಬ ಪೊಲೀಸ್. ಸಮವಸ್ತ್ರ ಕಂಡದ್ದೇ ಒಬ್ಬ ಡೇರೆಯ ಜಿಪ್ ಎಳೆದುಕೊಳ್ಳುತ್ತಾನೆ. ಕಾರ್ಯಕರ್ತ ಮಂಡಿಯೂರಿ ಮಾತಿಗೆ ಕೂರುತ್ತಾನೆ. ಬಲವಂತವಿಲ್ಲ, ಅವಸರವೂ ಇಲ್ಲ. ಕೊನೆಗೆ ಜಿಪ್ ಇಷ್ಟೇ ಇಷ್ಟು ತೆರೆದು ಒಂದು ತೋಳು ಹೊರಬರುತ್ತದೆ. ನರ್ಸಿಗೆ ಅಷ್ಟು ಸಾಕು. ನೀರಿನ ಬಾಟಲಿ, ಒರೆಸುವ ಕಾಗದ, ಮಲ ಕಟ್ಟಿಡುವ ಚೀಲಗಳಿರುವ ಕಿಟ್ಟೊಂದು ಅವನ ಪಾಲಿಗೆ. ಮೂಲೆಯಲ್ಲಿ ಹೊಸದಾಗಿ ಬಂದ ಕೈತೊಳೆಯುವ ತೊಟ್ಟಿ. ಈ ವೈರಸ್ಸಿನೆದುರು ಆಲ್ಕೋಹಾಲಿನ ಸ್ಯಾನಿಟೈಸರ್ ಅಷ್ಟಾಗಿ ನಡೆಯದು, ಸೋಪು ನೀರೇ ಆಗಬೇಕು. ಅಂಥ ತೊಟ್ಟಿಗಳು ಬೀದಿಗೆ ಬರಲು ನಗರಾಡಳಿತ, ಕೌಂಟಿಗಳ ನಡುವೆ ತಿಂಗಳುಗಳೇ ಸವೆದವು. ಲಸಿಕೆ ನಡೆದುಕೊಂಡೇ ಬಂದರೂ ತೊಟ್ಟಿಗಿಂತ ಮುಂಚೆ ಬಂತು!

ಜೈಲುಗಳಲ್ಲಿ, ತುರ್ತು ಚಿಕಿತ್ಸಾ ಘಟಕಗಳಲ್ಲಿ, ವ್ಯಸನಮುಕ್ತಿ ಕೇಂದ್ರಗಳಲ್ಲಿಯೂ ತೋಳುಗಳನ್ನು ಹುಡುಕಲಾಯಿತು. ಸೆಪ್ಟೆಂಬರ್ 1ಕ್ಕೆ ಕೌಂಟಿಯ ಸಾರ್ವಜನಿಕ ಆರೋಗ್ಯ ಅಧಿಕಾರಿ ಡಾ. ವಿಲ್ಮಾ ವೂಟನ್ ಸ್ಥಳೀಯ ತುರ್ತುಸ್ಥಿತಿ ಘೋಷಿಸಿದ್ದರು. ಅಕ್ಟೋಬರಿನಲ್ಲಿ ರಾಜ್ಯದ ಗವರ್ನರ್ ಜೆರ್ರಿ ಬ್ರೌನ್ ರಾಜ್ಯಮಟ್ಟದ ತುರ್ತುಸ್ಥಿತಿ ಸಾರಿದರು, ಹೆಚ್ಚು ಲಸಿಕೆ ತರಿಸಿಕೊಳ್ಳಲೆಂದು. ಪ್ರಕರಣಗಳು ಇಳಿದವು, 2018ರ ಜನವರಿಯಲ್ಲಿ ಸ್ಥಳೀಯ ತುರ್ತುಸ್ಥಿತಿ ತೆರವಾಯಿತು.

ಒಟ್ಟು 592 ಮಂದಿಗೆ ರೋಗ, 20 ಸಾವು. ಸಾಮಾನ್ಯವಾಗಿ ಮಲಗಿಸಿ ಎಬ್ಬಿಸಿ ಬಿಡುವ ಈ ಕಾಯಿಲೆ ಇಷ್ಟು ಜನರನ್ನು ಕೊಂದದ್ದು, ಹೆಪಟೈಟಿಸ್ ಬಿ, ಸಿ ಅಥವಾ ಕುಡಿತದಿಂದ ಮೊದಲೇ ಸೋತ ಯಕೃತ್ತುಗಳು ಬೀದಿಯಲ್ಲಿ ಹೆಚ್ಚಿದ್ದುದರಿಂದ. ನಗರ, ಕೌಂಟಿ ಎರಡೂ ಇನ್ನೂ ಬೇಗ ಎಚ್ಚೆತ್ತುಕೊಳ್ಳಬಹುದಿತ್ತು ಎಂದು ರಾಜ್ಯದ ಲೆಕ್ಕಪರಿಶೋಧಕರು ಆಮೇಲೆ ಬರೆದರು.

2018ರ ಅಕ್ಟೋಬರಿನಲ್ಲಿ ಲಸಿಕೆ ಕುರಿತ ಅಮೆರಿಕದ ಸಲಹಾ ಸಮಿತಿ, ಮನೆಯಿಲ್ಲದವರಿಗೆಲ್ಲ ಹೆಪಟೈಟಿಸ್ ಎ ಲಸಿಕೆ ಹಾಕಬೇಕೆಂದು ಮತ ಹಾಕಿತು. ಅದುವರೆಗೆ ಆ ಪಟ್ಟಿಯಲ್ಲಿ ರೋಗವಿರುವ ದೇಶಗಳಿಗೆ ಪ್ರವಾಸ ಹೋಗುವವರಿದ್ದರು, ಮಾದಕವಸ್ತು ಬಳಸುವವರಿದ್ದರು. ಮನೆಯಿಲ್ಲ ಎಂಬ ಒಂದೇ ಕಾರಣಕ್ಕೆ ಯಾರಿಗೂ ಜಾಗವಿರಲಿಲ್ಲ.