ಶ್ರೇಷ್ಠತೆಯ ಪಟ್ಟಿ ಮತ್ತು ಕತೆಯ ಸಾಲು: ಚೀನೀ ಭಾಷಾ ಚಿತ್ರಗಳ ಚರ್ಚೆಯನ್ನು ಮಾದಪ್ಪನ ಸೀಮೆಯಿಂದ ನೋಡಿದಾಗ

2022ರ ಅಕ್ಟೋಬರ್‌ನಲ್ಲಿ ಅಂತಾರಾಷ್ಟ್ರೀಯ ಚಲನಚಿತ್ರ ವಿಮರ್ಶಕರ ಒಕ್ಕೂಟವಾದ ಫಿಪ್ರೆಸ್ಕಿಯ ಭಾರತೀಯ ಶಾಖೆಯು ದೇಶದ ಸಾರ್ವಕಾಲಿಕ ಶ್ರೇಷ್ಠ ಹತ್ತು ಚಿತ್ರಗಳ ಪಟ್ಟಿಯೊಂದನ್ನು ಪ್ರಕಟಿಸಿತು. ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ ಮೊದಲ ಸ್ಥಾನದಲ್ಲಿದ್ದರೆ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಐದನೆಯದಾಗಿತ್ತು. ಆ ಹತ್ತರಲ್ಲಿ ಕನ್ನಡದ್ದು ಇದೊಂದೇ. ಆಯ್ಕೆಯ ಬಗ್ಗೆ ಈ ಲೇಖನಕ್ಕೆ ತಕರಾರಿಲ್ಲ. ಆದರೆ ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲಗಳ ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ ಮಾಡಿದವರಿಗೆ ಬೇರೊಂದು ಉತ್ತರವೂ ಚಿರಪರಿಚಿತ. ದೊಡ್ಡ ಸಿನಿಮಾ ಯಾವುದೆಂದು ಅಲ್ಲಿ ಕೇಳಿದರೆ ನಿರ್ದೇಶಕರ ಹೆಸರು ಬರುವುದಿಲ್ಲ. ‘ಅಣ್ಣಾವ್ರ’ ಹೆಸರು ಬರುತ್ತದೆ, ಅದರ ಬೆನ್ನಿಗೆ ಒಂದು ಹಾಡು ಬರುತ್ತದೆ. ಈ ಎರಡು ಉತ್ತರಗಳಲ್ಲಿ ಒಂದನ್ನು ವಿಮರ್ಶೆಯೆಂದೂ ಇನ್ನೊಂದನ್ನು ಅಭಿಮಾನವೆಂದೂ ವಿಂಗಡಿಸಿ ಕೈತೊಳೆದುಕೊಳ್ಳುವುದು ಸುಲಭ. ಹಾಗೆ ವಿಂಗಡಿಸಲಾಗದೆಂಬುದನ್ನು ತೋರಿಸುವುದಕ್ಕೆ ಚೀನೀ ಭಾಷೆಯ ಚಿತ್ರಗಳ ಸುತ್ತ ನಡೆದಿರುವ ಚರ್ಚೆ ಬಹಳ ಸಹಕಾರಿಯಾಗಿದೆ.

ಚೀನೀ ಸಿನಿಮಾದ ಚರಿತ್ರೆ ಸಾಮಾನ್ಯವಾಗಿ 1905ರ ‘ದಿಂಗ್‌ಜುನ್ ಪರ್ವತ’ದಿಂದ ಆರಂಭವಾಗುತ್ತದೆ. ಅದು ಪೀಕಿಂಗ್ ಆಪೆರಾದ ಹೆಸರಾಂತ ನಟ ತಾನ್ ಶಿನ್‌ಪೇ ಅವರ ಅಭಿನಯವನ್ನು ಚಿತ್ರೀಕರಿಸಿದ ಕಿರುಚಿತ್ರ. ಅಲ್ಲಿಯೂ ಸಿನಿಮಾ ಹುಟ್ಟಿದ್ದು ರಂಗಭೂಮಿಯ ಮಡಿಲಲ್ಲಿಯೇ ಎಂಬುದನ್ನು ಗುಬ್ಬಿ ಕಂಪನಿಯ ಹಿನ್ನೆಲೆಯಿಂದ ‘ಬೇಡರ ಕಣ್ಣಪ್ಪ’ (1954) ಮೂಡಿಬಂದುದನ್ನು ಬಲ್ಲ ನಮಗೆ ವಿವರಿಸಬೇಕಾಗಿಲ್ಲ. ಆ ಘಟನೆಗೆ ನೂರು ವರ್ಷ ತುಂಬಿದ 2005ರಲ್ಲಿ ಹಾಂಗ್‌ಕಾಂಗ್ ಚಲನಚಿತ್ರ ಪ್ರಶಸ್ತಿ ಸಂಸ್ಥೆಯು ನೂರು ಅತ್ಯುತ್ತಮ ಚೀನೀ ಚಿತ್ರಗಳನ್ನು ಆರಿಸಿತು. ಫೇ ಮು ಅವರ ‘ಸಣ್ಣ ಊರಿನ ವಸಂತ’ (1948) ಮೊದಲನೆಯದಾಯಿತು. 2011ರಲ್ಲಿ ತೈವಾನಿನ ಗೋಲ್ಡನ್ ಹಾರ್ಸ್ ಉತ್ಸವ ಇಂಥದೇ ನೂರರ ಪಟ್ಟಿ ಮಾಡಿದಾಗ ಹೊ ಶಾವ್-ಶಿಯೆನ್ ಅವರ ‘ದುಃಖದ ನಗರ’ (1989) ಅಗ್ರಸ್ಥಾನಕ್ಕೆ ಬಂತು. 2022ರಲ್ಲಿ ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆಯ ಜಾಗತಿಕ ಮತಗಣನೆಯಲ್ಲಿ ಚೀನೀ ಭಾಷಾ ಚಿತ್ರಗಳ ಪೈಕಿ ಎಲ್ಲಕ್ಕಿಂತ ಮೇಲೆ, ಐದನೆಯ ಸ್ಥಾನದಲ್ಲಿ, ನಿಂತದ್ದು ವಾಂಗ್ ಕರ್-ವಾಯ್ ಅವರ ‘ಇನ್ ದ ಮೂಡ್ ಫಾರ್ ಲವ್’ (2000). ಹಾಂಗ್‌ಕಾಂಗ್ ಪಟ್ಟಿಯ ಮೊದಲ ಚಿತ್ರಕ್ಕೆ ಲಂಡನ್ನಿನ ಮೊದಲ ನೂರರಲ್ಲಿ ಜಾಗವೇ ಸಿಗಲಿಲ್ಲ. ಇದೇ ಪತ್ರಿಕೆಯ 2012ರ ಗಣನೆಯಲ್ಲಿ ವಾಂಗ್ ಅವರ ಚಿತ್ರ 24ನೆಯದಾಗಿತ್ತು. ಹತ್ತು ವರ್ಷಗಳಲ್ಲಿ ಚಿತ್ರ ಬದಲಾಗಿರಲಿಲ್ಲ, ಮತ ಹಾಕುವವರು ಬದಲಾಗಿದ್ದರು.

ಮಹಾಕಾವ್ಯದ ಗಾಯಕರನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಮಲೆ ಮಾದೇಶ್ವರನ ಕಾವ್ಯವನ್ನು ದೇವರಗುಡ್ಡರು ‘ಸಾಲು’ಗಳಾಗಿ ಹಾಡುತ್ತಾರೆ. ಯಾವ ಸಾಲು ಹಿರಿದು ಎಂಬ ಪ್ರಶ್ನೆಗೆ ಅವರಲ್ಲಿ ಒಂದೇ ಉತ್ತರವಿಲ್ಲ. ಕತೆ ಮಾಡಿಸುವ ಮನೆಯವರ ಹರಕೆ, ಸಂದರ್ಭ, ರಾತ್ರಿಯ ಹೊತ್ತು, ಮೇಳದ ಕಸುವು ಇವೆಲ್ಲ ಸೇರಿ ಆ ರಾತ್ರಿಯ ಮಟ್ಟಿಗೆ ಒಂದು ಸಾಲನ್ನು ಮುಂದಕ್ಕೆ ತರುತ್ತವೆ. ಮಂಟೇಸ್ವಾಮಿಯ ನೀಲಗಾರರಲ್ಲೂ ಹೀಗೆಯೇ. ಪಿ.ಕೆ. ರಾಜಶೇಖರ ಮೊದಲಾದ ವಿದ್ವಾಂಸರು ಈ ಕಾವ್ಯಗಳನ್ನು ಸಂಪಾದಿಸಿ ಕೊಟ್ಟಮೇಲೆ ಯಾವ ಪಾಠ ಅಧಿಕೃತ ಎಂಬ ವಾಗ್ವಾದ ವಿದ್ವತ್ ವಲಯದಲ್ಲಿ ಹುಟ್ಟಿತೇ ಹೊರತು ಹಾಡುವವರಲ್ಲಿ ಅಲ್ಲ. ಶ್ರೇಷ್ಠತೆಯ ಪಟ್ಟಿಯನ್ನೂ ಒಂದು ಪ್ರದರ್ಶನವೆಂದು, ಅಂದರೆ ನಿರ್ದಿಷ್ಟ ಸಭೆಯ ಎದುರು ನಿರ್ದಿಷ್ಟ ಜನ ಹಾಡಿದ ಒಂದು ಪಾಠಾಂತರವೆಂದು, ಓದುವುದು ಹೆಚ್ಚು ಉಪಯುಕ್ತ.

ಪಟ್ಟಿಗೆ ಮುನ್ನವೇ ಎದುರಾಗುವ ತೊಡಕು ಗಡಿಯದು. ‘ಚೀನಾದ ಚಿತ್ರ’ ಎಂದರೆ ತೈವಾನ್ ಮತ್ತು ಹಾಂಗ್‌ಕಾಂಗ್‌ಗಳ ವಿಷಯದಲ್ಲಿ ರಾಜಕೀಯ ಏಳುತ್ತದೆ. ‘ಚೀನೀ ಭಾಷೆಯ ಚಿತ್ರ’ ಎಂದರೆ ಅದು ಯಾವ ಚೀನೀ ಎಂಬ ಪ್ರಶ್ನೆ ಏಳುತ್ತದೆ. 1947ರ ಫೆಬ್ರುವರಿ 28ರಂದು ಆರಂಭವಾದ ತೈವಾನಿನ ಹತ್ಯಾಕಾಂಡದ ನೆರಳಿನಲ್ಲಿ ಒಂದು ಕುಟುಂಬ ಕುಸಿಯುವುದನ್ನು ಚಿತ್ರಿಸಿ ವೆನಿಸ್‌ನಲ್ಲಿ ಸ್ವರ್ಣಸಿಂಹ ಪಡೆದ ‘ದುಃಖದ ನಗರ’ದಲ್ಲಿ ತೈವಾನಿನ ಹೊಕ್ಕಿಯೆನ್, ಮ್ಯಾಂಡರಿನ್, ಕ್ಯಾಂಟನೀಸ್, ಶಾಂಘೈ ನುಡಿ, ಜಪಾನೀಸ್ ಎಲ್ಲವೂ ಕೇಳಿಸುತ್ತವೆ. ಹಾಂಗ್‌ಕಾಂಗ್ ನಟ ಟೋನಿ ಲ್ಯುಂಗ್ ಅವರಿಗೆ ತೈವಾನಿನ ನುಡಿ ಬಾರದ ಕಾರಣ ಅವರ ಪಾತ್ರವನ್ನು ಕಿವುಡ-ಮೂಗನನ್ನಾಗಿ ಮಾಡಲಾಯಿತೆಂದು ಹೇಳುತ್ತಾರೆ. ಕಡೆಗೆ ಆ ಮೌನವೇ ಚಿತ್ರದ ಅತ್ಯಂತ ದೊಡ್ಡ ಮಾತಾಯಿತು.

ನಮ್ಮ ಸೀಮೆಗೂ ಈ ತೊಡಕು ಹೊಸದಲ್ಲ. ರಾಜ್‌ಕುಮಾರ್ ಅವರ ಊರು ಕೊಳ್ಳೇಗಾಲ ಭಾಗದ ಸಿಂಗಾನಲ್ಲೂರೋ, ತಾಳವಾಡಿ ಭಾಗದ ಗಾಜನೂರೋ ಎಂದು ಎರಡು ಕಡೆಯವರೂ ಹಕ್ಕು ಸಾಧಿಸುತ್ತಾರೆ. ಸಿಂಗಾನಲ್ಲೂರು ಕರ್ನಾಟಕದಲ್ಲಿದೆ, ಗಾಜನೂರು ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿದೆ. 1956ರ ರಾಜ್ಯ ಪುನರ್ವಿಂಗಡಣೆಗೆ ಮುನ್ನ ಕೊಳ್ಳೇಗಾಲವೂ ಮದ್ರಾಸಿನ ಆಡಳಿತಕ್ಕೆ ಸೇರಿದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಕನ್ನಡ ಚಿತ್ರರಂಗದ ಮೇರುನಟನೇ ರಾಜ್ಯದ ಗೆರೆಯ ಮೇಲೆ ನಿಂತಿರುವಾಗ ಕನ್ನಡ ಚಿತ್ರವನ್ನು ನಕ್ಷೆಯಿಂದ ಅಳೆಯುವುದು ಹೇಗೆ? ಇನ್ನು ಒಳನುಡಿಗಳ ಮಾತು. ತೆರೆಯ ಮೇಲಿನ ಕನ್ನಡ ಬಹುಕಾಲ ಪೇಟೆಯ ಕನ್ನಡವೇ ಆಗಿತ್ತು, ಹಳ್ಳಿಯ ಮಾತಿಗೆ ಮೀಸಲಾಗಿದ್ದುದು ಹಾಸ್ಯಪಾತ್ರ. ನೆರೆಯ ಮಂಡ್ಯದ ಆಡುಮಾತನ್ನೇ ನೆಚ್ಚಿ, ವೃತ್ತಿನಟರಲ್ಲದ ಹಳ್ಳಿಗರಿಂದ ಮಾಡಿಸಿದ ‘ತಿಥಿ’ಗೆ 2015ರಲ್ಲಿ ಲೊಕಾರ್ನೊ ಉತ್ಸವದ ಪ್ರಶಸ್ತಿಗಳು ಬಂದವು. ಈ ಸೀಮೆಯ ನುಡಿಗೆ ಅಂಥದೊಂದು ಗೌರವ ಇನ್ನೂ ಬರಬೇಕಾಗಿದೆ.

ಹಾಂಗ್‌ಕಾಂಗ್ ಪಟ್ಟಿಯಲ್ಲಿ ನಾಲ್ಕನೆಯದಾಗಿರುವ ‘ಹಳದಿ ನೆಲ’ (1984) ಜಾನಪದ ವಿದ್ಯಾರ್ಥಿಗಳ ವಿಶೇಷ ಗಮನಕ್ಕೆ ಅರ್ಹವಾದುದು. ನಿರ್ದೇಶಕರು ಚೆನ್ ಕೈಗೆ, ಛಾಯಾಗ್ರಾಹಕರು ಮುಂದೆ ತಾವೇ ದೊಡ್ಡ ನಿರ್ದೇಶಕರಾದ ಜಾಂಗ್ ಯಿಮೌ. 1939ರಲ್ಲಿ ಎಂಟನೆಯ ಮಾರ್ಗ ಸೇನೆಯ ಸೈನಿಕನೊಬ್ಬ ಉತ್ತರ ಶಾನ್‌ಶಿಯ ಬಡಹಳ್ಳಿಗೆ ಬರುತ್ತಾನೆ. ಅವನು ಬಂದಿರುವುದು ಯುದ್ಧಕ್ಕಲ್ಲ, ಜನಪದ ಗೀತೆ ಸಂಗ್ರಹಿಸಲು! ಹಳೆಯ ಮಟ್ಟಿಗೆ ಹೊಸ ಮಾತು ಕೂಡಿಸಿ ಸೈನಿಕರಿಂದ ಹಾಡಿಸುವುದು ಸೇನೆಯ ಉದ್ದೇಶ. ಅವನು ಇಳಿದುಕೊಂಡ ಮನೆಯ ಹುಡುಗಿ ಚ್ಯುಯ್‌ಚ್ಯಾವ್ ನಿಜವಾದ ಹಾಡುಗಾರ್ತಿ. ಆದರೆ ಅವಳು ಅವನೆದುರು ಹಾಡುವುದಿಲ್ಲ. ನದಿಯಿಂದ ನೀರು ಹೊರುವಾಗ ಒಬ್ಬಳೇ ಹಾಡಿಕೊಳ್ಳುತ್ತಾಳೆ. ಬಾಲ್ಯವಿವಾಹದ ಒಪ್ಪಂದದಿಂದ ಪಾರಾಗಲು ಸೈನಿಕನೊಡನೆ ಹೊರಡುತ್ತೇನೆನ್ನುತ್ತಾಳೆ. ಅವನು ಮೇಲಿನವರ ಅನುಮತಿ ಬೇಕೆಂದು, ಮತ್ತೆ ಬರುತ್ತೇನೆಂದು ಹೇಳಿ ಹೋಗುತ್ತಾನೆ. ಅವನು ತಿರುಗಿ ಬರುವುದರೊಳಗೆ ಅವಳು ಹಳದಿ ನದಿಯನ್ನು ದಾಟಲು ಹೋಗಿ ಇಲ್ಲವಾಗಿದ್ದಾಳೆ, ಊರು ಮಳೆಗಾಗಿ ಮೊರೆಯಿಡುತ್ತಿದೆ. ಆ ಮಳೆಪ್ರಾರ್ಥನೆಯ ದೃಶ್ಯವನ್ನು ನೋಡಿದಾಗ ನಮ್ಮ ಮಳೆರಾಯನ ಆಚರಣೆ ನೆನಪಾಗದಿರದು.

ಈ ಚಿತ್ರವನ್ನು ಚೀನಾದ ‘ಐದನೆಯ ತಲೆಮಾರಿನ’ ನಾಂದಿಯೆಂದೂ ಭೂದೃಶ್ಯದ ಹೊಸ ವ್ಯಾಕರಣವೆಂದೂ ವಿಮರ್ಶಕರು ಹೊಗಳಿದ್ದಾರೆ. ಅದು ಸರಿಯಾದ ಮಾತೇ. ಆದರೆ ನಮ್ಮ ಶಿಸ್ತಿನ ಕಣ್ಣಿಗೆ ಅದು ಸಂಗ್ರಹಕಾರನನ್ನು ವಿಚಾರಣೆಗೆ ಒಳಪಡಿಸಿದ ಚಿತ್ರ. ಪುಸ್ತಕದಲ್ಲಿ ಹಾಡು ಸೇರಿತು, ಹಾಡಿದವಳು ಏನಾದಳು ಎಂಬುದು ಅದರ ಪ್ರಶ್ನೆ. ಕನ್ನಡದಲ್ಲಿ ಸಾವಿರಾರು ಪುಟಗಳ ಸಂಗ್ರಹ ಮಾಡಿರುವ ನಾವು ಈ ಪ್ರಶ್ನೆಯನ್ನು ಎಷ್ಟು ಬಾರಿ ಕೇಳಿಕೊಂಡಿದ್ದೇವೆ? ಈ ಲೇಖಕನ ಮಟ್ಟಿಗೆ ಚೀನೀ ಭಾಷೆಯ ಮೊದಲ ಚಿತ್ರವೆಂದರೆ ಇದೇ. ಇದು ಜಾನಪದ ವಿದ್ಯಾರ್ಥಿಯ ಪಕ್ಷಪಾತ ಎನ್ನುವವರು ಎನ್ನಲಿ, ಪಕ್ಷವಿಲ್ಲದ ಪಟ್ಟಿಯೊಂದನ್ನು ನಾವು ಕಂಡಿಲ್ಲ.

ಹಾಡು ಮೂಲದ ಜನರಿಂದ ಹೊರಗೆ ಹೋಗಿ ತೆರೆಯನ್ನು ಸೇರುವ ಪ್ರಕ್ರಿಯೆಗೆ ಈ ಸೀಮೆಯದೇ ಉದಾಹರಣೆಯಿದೆ. ಟಿ.ಎಸ್. ನಾಗಾಭರಣ ಅವರ ‘ಜನುಮದ ಜೋಡಿ’ (1996) ಪನ್ನಾಲಾಲ್ ಪಟೇಲರ ಗುಜರಾತಿ ಕಾದಂಬರಿ ‘ಮಳೇಲಾ ಜೀವ್’ ಅನ್ನು ಆಧರಿಸಿದ ಚಿತ್ರ. ಗುಜರಾತಿನ ಕತೆ ಕನ್ನಡದ ನೆಲಕ್ಕೆ ಬೇರೂರಿದ್ದು ಬಹುಮಟ್ಟಿಗೆ ಹಾಡುಗಳಿಂದ. ಮಾದಪ್ಪನ ಪರಂಪರೆಯ ‘ಕೋಲುಮಂಡೆ’ ಹಾಡು ವಿ. ಮನೋಹರ್ ಅವರ ಸಂಗೀತದಲ್ಲಿ, ಎಲ್.ಎನ್. ಶಾಸ್ತ್ರಿಯವರ ಕಂಠದಲ್ಲಿ ನಾಡಿನಾದ್ಯಂತ ಹಬ್ಬಿತು. ಅದಕ್ಕಾಗಿ ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿಯೂ ದೊರೆಯಿತು. ಕೋರಣ್ಯಕ್ಕೆ, ಅಂದರೆ ಭಿಕ್ಷೆಗೆ, ಬರುವ ಜಂಗಮನ ಹಾಡು ಅದು. ಕಂಸಾಳೆಯ ಮೇಳಗಳು ತಲೆಮಾರುಗಳಿಂದ ಹಾಡಿಕೊಂಡು ಬಂದುದನ್ನು ಸಿನಿಮಾ ಹಾಡಿದಾಗ ಈ ಸೀಮೆಯ ಭಕ್ತರು ಅದನ್ನು ತಮ್ಮದೆಂದೇ ಸ್ವೀಕರಿಸಿದರು.

2020ರ ಆಗಸ್ಟ್‌ನಲ್ಲಿ ಇದೇ ಹಾಡು ರ‍್ಯಾಪ್ ರೂಪದ ವಿಡಿಯೊ ಆಗಿ ಬಂದಾಗ ಆದದ್ದು ಬೇರೆ. ಶಿವಶರಣೆ ಸಂಕಮ್ಮನನ್ನು ಅದರಲ್ಲಿ ತೋರಿಸಿದ ರೀತಿಗೆ ಮಾದಪ್ಪನ ಭಕ್ತರಿಂದ ತೀವ್ರ ಆಕ್ಷೇಪ ಬಂತು. ಗಾಯಕರು ಕ್ಷಮೆ ಕೋರಿದರು, ವಿಡಿಯೊವನ್ನು ಹಿಂತೆಗೆಯಲಾಯಿತು. ಇದನ್ನು ಬರೀ ಧಾರ್ಮಿಕ ಭಾವನೆಯ ಪ್ರಕರಣವೆಂದು ಕಾಣುವವರು ಸಂಕಮ್ಮನ ಸಾಲನ್ನು ಕೇಳಿರಲಾರರು. ಗಂಡ ನೀಲೇಗೌಡ ಕಾಡಿಗೆ ಹೋಗುವ ಮುನ್ನ ಅವಳ ಶೀಲವನ್ನು ಶಂಕಿಸಿ ಆಣೆಭಾಷೆ ಕೇಳುತ್ತಾನೆ, ಒಪ್ಪದಿದ್ದಾಗ ಕಟ್ಟುಮಾಡಿ ಹೋಗುತ್ತಾನೆ. ಮಾದಪ್ಪ ಬಂದು ಬಿಡಿಸುತ್ತಾನೆ. ಹೆಣ್ಣಿನ ಮೈಮೇಲಿನ ಅನುಮಾನದ ನೋಟವೇ ಆ ಸಾಲಿನ ವಸ್ತು. ಅಂಥ ಸಂಕಮ್ಮನನ್ನು ನೋಟಕ್ಕೊಡ್ಡುವ ವಸ್ತುವಾಗಿ ಮಾಡಿದರೆ ಕತೆಯ ಅರ್ಥವೇ ತಿರುಗುಮುರುಗಾಗುತ್ತದೆ. 1996ರಲ್ಲಿ ಒಪ್ಪಿದವರು 2020ರಲ್ಲಿ ಒಪ್ಪದೇ ಹೋದದ್ದು ಸಂಪ್ರದಾಯದ ಹಟದಿಂದಲ್ಲ; ಪ್ರದರ್ಶನಗಳ ನಡುವಣ ಗುಣಭೇದವನ್ನು ಅವರು ಗುರುತಿಸಿದರು. ವಿಮರ್ಶೆಯೆಂದರೆ ಇದೇ ತಾನೆ?

ಜನರ ನೆನಪು ಚಿತ್ರದ ಅರ್ಥವನ್ನೂ ಬದಲಿಸುತ್ತದೆ. ‘ಗಂಧದ ಗುಡಿ’ (1973) ಬಂದಾಗ ಅದು ಕಾಡನ್ನು ಕಾಯುವ ಅಧಿಕಾರಿಯ ಸಾಹಸದ ಕತೆ. 2000ದ ಜುಲೈ 30ರಂದು ಆ ಚಿತ್ರದ ನಾಯಕನನ್ನೇ ಗಂಧದ ಕಳ್ಳಸಾಗಣೆದಾರನೊಬ್ಬ ಗಾಜನೂರಿನ ಮನೆಯಿಂದ ಕಾಡಿಗೆ ಒಯ್ದು 108 ದಿನ ಇರಿಸಿಕೊಂಡ. ಬಂಡೀಪುರದ ಅಂಚಿನ ಗುಂಡ್ಲುಪೇಟೆಯಲ್ಲಾಗಲಿ ಮಲೆಯ ತಪ್ಪಲಿನಲ್ಲಾಗಲಿ ಆ ಚಿತ್ರವನ್ನು ಇಂದು ಮೊದಲಿನ ಅರ್ಥದಲ್ಲಿಯೇ ನೋಡುವುದು ಸಾಧ್ಯವಿಲ್ಲ. ‘ಬಂಗಾರದ ಮನುಷ್ಯ’ (1972) ನೋಡಿ ಓದಿದ ಯುವಕರು ಹಳ್ಳಿಗೆ ಮರಳಿದರೆಂಬ ಮಾತನ್ನೂ ಐತಿಹ್ಯವೆಂದೇ ಪರಿಗಣಿಸಬೇಕು. ಎಷ್ಟು ಜನ ಮರಳಿದರೆಂಬ ಲೆಕ್ಕಕ್ಕಿಂತ, ಐವತ್ತು ವರ್ಷಗಳ ತರುವಾಯವೂ ಅದನ್ನು ಹೇಳುತ್ತಿರುವುದೇ ಮುಖ್ಯ ಸಂಗತಿ. ಆ ಚಿತ್ರಕ್ಕೆ ಈ ಸೀಮೆ ಕೊಟ್ಟಿರುವ ಸ್ಥಾನ ಅದರಲ್ಲಿದೆ.

ಕೊನೆಯದಾಗಿ ಪ್ರತಿಗಳ ವಿಚಾರ. ‘ಸಣ್ಣ ಊರಿನ ವಸಂತ’ ಹಾಳುಬಿದ್ದ ಮನೆಯೊಂದರಲ್ಲಿ ಗಂಡ, ಹೆಂಡತಿ ಮತ್ತು ಅವಳ ಹಳೆಯ ಗೆಳೆಯನ ನಡುವಿನ ಮಿತವಾದ ಕತೆ. 1949ರ ಕ್ರಾಂತಿಯ ಬಳಿಕ ಅದು ರಾಜಕೀಯ ಪ್ರಜ್ಞೆಯಿಲ್ಲದ ಚಿತ್ರವೆಂದು ಮೂಲೆಗುಂಪಾಯಿತು. ಫೇ ಮು 1951ರಲ್ಲಿ ಹಾಂಗ್‌ಕಾಂಗ್‌ನಲ್ಲಿ ತೀರಿಕೊಂಡರು. 1980ರ ದಶಕದಲ್ಲಿ ಚೀನಾದ ಚಿತ್ರಾಗಾರ ಅದನ್ನು ಮತ್ತೆ ಹೊರತಂದ ಕಾರಣದಿಂದಲೇ 2005ರಲ್ಲಿ ಅದಕ್ಕೆ ಮತ ಹಾಕಲು ಸಾಧ್ಯವಾಯಿತು. ‘ಘಟಶ್ರಾದ್ಧ’ದ ಪುನರುಜ್ಜೀವಿತ ಪ್ರತಿ 2024ರ ವೆನಿಸ್ ಉತ್ಸವದಲ್ಲಿ ತೆರೆಕಂಡಿತು; ಇನ್ನು ಮುಂದಿನ ಪಟ್ಟಿಗಳಲ್ಲಿ ಅದರ ಸ್ಥಾನ ಇದರಿಂದಲೂ ನಿರ್ಧಾರವಾಗುತ್ತದೆ. ಇತ್ತ 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಉಳಿದಿಲ್ಲ. ಯಾವ ಪಟ್ಟಿಯೂ ಅದನ್ನು ಮೊದಲನೆಯದೆಂದಾಗಲಿ ನೂರನೆಯದೆಂದಾಗಲಿ ಹೇಳಲಾರದು. ಟೂರಿಂಗ್ ಟಾಕೀಸಿನ ಮರಳಿನ ಮೇಲೆ ಕುಳಿತು, ರೀಲು ಬದಲಿಸುವ ಬಿಡುವುಗಳ ನಡುವೆ ಚಿತ್ರ ನೋಡಿದ ತಲೆಮಾರು ಈ ಜಿಲ್ಲೆಯಲ್ಲಿ ಇನ್ನೂ ಇದೆ. ಅವರು ಯಾವ ಚಿತ್ರವನ್ನು ಹೇಗೆ ನೆನೆಯುತ್ತಾರೆಂಬುದನ್ನು ಸಾಲುಗಳನ್ನು ದಾಖಲಿಸಿದಷ್ಟೇ ಶ್ರದ್ಧೆಯಿಂದ, ಹೇಳಿದವರ ಹೆಸರು, ಊರು ಸಹಿತ, ದಾಖಲಿಸುವ ಕೆಲಸವನ್ನು ಜಾನಪದ ವಿಭಾಗಗಳು ಕೈಗೆತ್ತಿಕೊಳ್ಳಬಹುದಾಗಿದೆ.