ಡ್ಯಾಶ್‌ಬೋರ್ಡ್ ಬಣ್ಣ ಸುಲಿಯುತ್ತಿದೆಯೇ? ಹೊಸದು ಹಚ್ಚುವ ಮೊದಲು ಹಳೆಯದನ್ನು ಪೂರ್ತಿ ತೆಗೆಯಿರಿ

ತೊಗರಿ ಚೀಲ ಹೇರುವ ಪಿಕಪ್ ಇರಲಿ, ಮನೆಯ ಕಾರು ಇರಲಿ, ನಾಲ್ಕಾರು ಬೇಸಿಗೆ ಕಳೆದರೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಪಟ್ಟಿಗಳು ಅಂಟಂಟಾಗುತ್ತವೆ, ಇಲ್ಲವೇ ಬಣ್ಣ ಸಿಪ್ಪೆಯಂತೆ ಏಳುತ್ತದೆ. ಕೂಡಲೇ ಹೊಸ ಭಾಗ ತರಿಸಬೇಕಾಗಿಲ್ಲ. ಬಹಳ ಸಲ ಕೆಟ್ಟಿರುವುದು ಮೇಲಿನ ಪದರ ಮಾತ್ರ, ಒಳಗಿನ ಪ್ಲಾಸ್ಟಿಕ್ ಗಟ್ಟಿಯಾಗಿಯೇ ಇರುತ್ತದೆ.

ಯಾಕೆ ಹೀಗಾಗುತ್ತದೆ?

ಕೈಗೆ ಮೆತ್ತಗೆ ಹತ್ತಲಿ ಅಂತ ಕಂಪನಿಯವರು ಕೆಲವು ಭಾಗಕ್ಕೆ ಪಾಲಿಯುರೆಥೇನ್ ಲೇಪ ಕೊಟ್ಟಿರುತ್ತಾರೆ. ಶಾಖ ಮತ್ತು ತೇವಕ್ಕೆ ಇದು ವರ್ಷಗಟ್ಟಲೆ ಸಡಿಲಾಗುತ್ತ ಹೋಗುತ್ತದೆ. ದಂಡೋತಿ, ಚಿತ್ತಾಪುರ, ಸೇಡಂ ಕಡೆ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಗಾಜು ಏರಿಸಿ ಬಿಸಿಲಿಗೆ ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡ್ 70 ಡಿಗ್ರಿ ಸಮೀಪಕ್ಕೂ ಹೋಗಬಹುದು.

ಇನ್ನೊಂದು ಕಾರಣ ನಮ್ಮ ಕೈ. ಇ.ಸಿ. ಎಂದು ಬರೆದ ಕೀಟನಾಶಕಗಳಲ್ಲಿ ಔಷಧ ಕರಗಿಸುವ ದ್ರಾವಕ ಇರುತ್ತದೆ. ಅದು ಬಣ್ಣವನ್ನೂ ಮೆತ್ತಗೆ ಮಾಡುತ್ತದೆ. ಕಾಯಿಕೊರಕಕ್ಕೆ ಸಿಂಪಡಿಸಿದ ಕೈಲೇ ಗಾಡಿ ಹತ್ತಿದರೆ ಬಣ್ಣವೊಂದೇ ಕೆಡುವುದಿಲ್ಲ. ಅಂಟಾದ ಪದರ ಔಷಧವನ್ನೂ ಧೂಳನ್ನೂ ಹಿಡಿದಿಡುತ್ತದೆ. ಮುಂದೆ ಅದೇ ಕೈ ರೊಟ್ಟಿಗೆ ಹೋಗುತ್ತದೆ. ಅದಕ್ಕೇ ಇದನ್ನು ಬರೀ ಚೆಂದದ ಮಾತು ಅಂತ ಬಿಡಬ್ಯಾಡ್ರಿ.

ಬೇಕಾಗುವ ಸಾಮಾನು

ಐಸೋಪ್ರೊಪೈಲ್ ಆಲ್ಕೊಹಾಲ್ (ಐಪಿಎ), ಹತ್ತಿ ಬಟ್ಟೆ, ಕೈಗವಸು, 600 ನಂಬರಿನ ವಾಟರ್ ಪೇಪರ್, ಮಾಸ್ಕಿಂಗ್ ಟೇಪ್, ಪ್ಲಾಸ್ಟಿಕ್ ಪ್ರೈಮರ್, ಮ್ಯಾಟ್ ಕಪ್ಪು ಸ್ಪ್ರೇ ಡಬ್ಬಿ.

ಮಾಡುವ ಕ್ರಮ

1. ಬಿಚ್ಚಲು ಬರುವ ಪಟ್ಟಿಯನ್ನು ಬಿಚ್ಚಿ ಹೊರಗೆ ತನ್ನಿ. ಏರ್‌ಬ್ಯಾಗ್ ಎಂದು ಬರೆದ ಭಾಗವನ್ನು ಬಿಚ್ಚಲೂಬೇಡಿ, ಬಣ್ಣವನ್ನೂ ಹೊಡೆಯಬೇಡಿ. ಅದು ಸರ್ವಿಸ್ ಸೆಂಟರಿನ ಕೆಲಸ.

2. ಸೋಪು ನೀರಿನಿಂದ ತೊಳೆದು ಒಣಗಿಸಿ. ಕಾಣದ ಮೂಲೆಯಲ್ಲಿ ಐಪಿಎ ಹಚ್ಚಿ ನೋಡಿ. ಪ್ಲಾಸ್ಟಿಕ್ ಕೆಡದಿದ್ದರೆ ಮುಂದುವರಿಯಿರಿ. ಬಟ್ಟೆ ಒದ್ದೆ ಮಾಡಿ ಒಂದೆರಡು ನಿಮಿಷ ಮೇಲಿಟ್ಟು ಉಜ್ಜಿದರೆ ಅಂಟು ಎದ್ದು ಬರುತ್ತದೆ. ಗಾಳಿ ಆಡುವ ಜಾಗದಲ್ಲಿ ಮಾಡಿ. ಬೀಡಿ, ಒಲೆ ಹತ್ತಿರ ಬೇಡ. ಥಿನ್ನರ್, ಪೆಟ್ರೋಲ್ ಮುಟ್ಟಬೇಡಿ. ಥಿನ್ನರ್ ಪ್ಲಾಸ್ಟಿಕ್ಕನ್ನೇ ಕರಗಿಸಬಹುದು.

3. ಅಂಟು ಪೂರ್ತಿ ಹೋದ ಮೇಲೆ ನೋಡ್ರಿ. ಒಳಗಿನ ಪ್ಲಾಸ್ಟಿಕ್ ಕಪ್ಪಗೆ, ಸಮನಾಗಿದ್ದರೆ ಹಾಗೇ ಬಿಡಬಹುದು. ಬಣ್ಣವೇ ಬೇಕಾಗಿಲ್ಲ.

4. ಕಲೆ ಇದ್ದರೆ ನೀರು ಹಾಕಿ ವಾಟರ್ ಪೇಪರಿನಿಂದ ಹಗುರಾಗಿ ತಿಕ್ಕಿ. ಉಳಿದ ಬಣ್ಣದ ಅಂಚು ಬೆರಳಿಗೆ ಹತ್ತಬಾರದು. ಮತ್ತೆ ಐಪಿಎ ಹಚ್ಚಿ ಒರೆಸಿ. ಹಿಂದೆ ಹಚ್ಚಿದ ಪಾಲಿಶಿನ ಸಿಲಿಕೋನ್ ಉಳಿದರೆ ಹೊಸ ಬಣ್ಣ ಹಿಡಿಯುವುದಿಲ್ಲ.

5. ಪ್ರೈಮರ್ ತೆಳ್ಳಗೆ ಹೊಡೆಯಿರಿ. ಅದು ಒಣಗಿದ ಮೇಲೆ ಬಣ್ಣವನ್ನು ಎರಡು ಮೂರು ತೆಳು ಪದರದಲ್ಲಿ, ನಡುವೆ 10–15 ನಿಮಿಷ ಬಿಟ್ಟು ಹೊಡೆಯಿರಿ. ಡಬ್ಬಿಯ ಮೇಲೆ ಬೇರೆ ಸಮಯ ಬರೆದಿದ್ದರೆ ಅದನ್ನೇ ಪಾಲಿಸಿ. ಒಮ್ಮೆಲೇ ದಪ್ಪ ಹೊಡೆದರೆ ಸೋರುತ್ತದೆ. ಒಂದು ದಿನ ಮುಟ್ಟಬೇಡಿ.

ಹೊಳೆಯುವ ಬಣ್ಣ ಬೇಡ. ಡ್ಯಾಶ್‌ಬೋರ್ಡಿನ ಹೊಳಪು ಮುಂದಿನ ಗಾಜಿನಲ್ಲಿ ಮೂಡಿ ರಸ್ತೆ ಕಾಣದಂತೆ ಮಾಡುತ್ತದೆ.

ಯಾವಾಗ ಮಾಡಬೇಕು?

ಮಳೆಗಾಲದ ತೇವಕ್ಕೆ ಬಣ್ಣ ಬೆಳ್ಳಗಾಗಬಹುದು, ಮೇ ಬಿಸಿಲಿಗೆ ಒರಟಾಗುತ್ತದೆ. ತೊಗರಿ ರಾಶಿ ಮುಗಿದ ಮೇಲೆ, ಫೆಬ್ರುವರಿಯ ಹೊತ್ತೇರಿದ ಮುಂಜಾನೆ ಒಳ್ಳೆಯದು. ವಾಡಿ, ಶಹಾಬಾದ ಕಡೆ ಕಲ್ಲಿನ ಧೂಳು ಹೆಚ್ಚು. ಅಲ್ಲಿಯವರು ಕೊಟ್ಟಿಗೆಯ ನೆಲಕ್ಕೆ ನೀರು ಚಿಮುಕಿಸಿ, ಬಾಗಿಲು ತೆರೆದಿಟ್ಟು, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮಾಡಿ.

ಮತ್ತೆ ಸುಲಿಯದಂತೆ

ಗಾಡಿಯನ್ನು ಬೇವಿನ ನೆರಳಿಗೆ ನಿಲ್ಲಿಸಿ, ಇಲ್ಲವಾದರೆ ಗಾಜಿನ ಒಳಗೆ ರಟ್ಟು ಇಡಿ. ಔಷಧದ ಡಬ್ಬಿ ಕ್ಯಾಬಿನ್ನಿನಲ್ಲಿ ಇಡಬೇಡಿ. ಸಿಂಪಡಣೆ ಮುಗಿದ ಮೇಲೆ ಸೋಪಿನಿಂದ ಕೈ ತೊಳೆದೇ ಸ್ಟೀರಿಂಗ್ ಹಿಡಿಯಿರಿ.