ಮೊಲದ ಕಿವಿಗೆ ಹಚ್ಚಿದ ಡಾಂಬರು

ಚರ್ಮಕ್ಕೆ ತಾಗುವ ವಸ್ತುವೊಂದು ಕ್ಯಾನ್ಸರ್ ಹುಟ್ಟಿಸಬಲ್ಲದು ಎಂಬುದು ಪ್ರಯೋಗಾಲಯದಲ್ಲಿ ರುಜುವಾತಾದದ್ದು 1915ರಲ್ಲಿ, ಟೋಕಿಯೊದಲ್ಲಿ, ಮೊಲಗಳ ಕಿವಿಯ ಮೇಲೆ. ಅದೇ ಸಂಗತಿಯನ್ನು ಅದಕ್ಕೂ 140 ವರ್ಷ ಮೊದಲೇ ತಮ್ಮ ಮೈಯಲ್ಲಿ ತೋರಿಸಿಕೊಟ್ಟವರು ಲಂಡನ್ನಿನ ಚಿಮಣಿ ಗುಡಿಸುವ ಹುಡುಗರು.

ಮನೆಮನೆಯಲ್ಲೂ ಕಲ್ಲಿದ್ದಲು ಉರಿಯುತ್ತಿದ್ದ ಕಾಲ. ಚಿಮಣಿಗಳು ಇಕ್ಕಟ್ಟು. ದೊಡ್ಡವರು ತೂರಲಾಗದ ಕಡೆ ಬಡವರ ಮಕ್ಕಳನ್ನು ಹತ್ತಿಸುತ್ತಿದ್ದರು. ಮೊಣಕೈ, ಮೊಣಕಾಲುಗಳನ್ನು ಗೋಡೆಗೆ ಒತ್ತಿ ಮೇಲೇರುವಾಗ ಮಸಿ ಬೆವರಿನ ಜೊತೆ ಮೈಯ ಸಂದಿಗೊಂದಿಗೆಲ್ಲ ಇಳಿಯುತ್ತಿತ್ತು. ಸ್ನಾನ ಅಪರೂಪ. ಪ್ರಾಯಕ್ಕೆ ಬಂದ ಮೇಲೆ ಕೆಲವರ ವೃಷಣದ ಚರ್ಮದಲ್ಲಿ ಹುಣ್ಣು ಏಳುತ್ತಿತ್ತು. ಲೈಂಗಿಕ ರೋಗವಿರಬೇಕೆಂದು ವೈದ್ಯರು ಪಾದರಸದ ಮದ್ದು ಕೊಡುತ್ತಿದ್ದರು. ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿ ಇದು ಕ್ಯಾನ್ಸರ್, ಚರ್ಮದ ನೆರಿಗೆಗಳಲ್ಲಿ ಕೂತ ಮಸಿಯೇ ಇದಕ್ಕೆ ಕಾರಣ ಎಂದು ಬರೆದರು. ರೋಗಿಯ ಕಸುಬಿನಲ್ಲಿ ಕ್ಯಾನ್ಸರಿನ ಕಾರಣ ಹುಡುಕಿದ ಮೊದಲ ಬರಹಗಳಲ್ಲಿ ಅದೂ ಒಂದು.

ಮುಂದೆ 1875ರಲ್ಲಿ ಜರ್ಮನಿಯ ಹಾಲೆ ನಗರದ ರಿಚರ್ಡ್ ಫಾನ್ ಫೋಲ್ಕ್‌ಮನ್, ಡಾಂಬರು ಮತ್ತು ಪ್ಯಾರಫಿನ್ ಕೆಲಸಗಾರರಲ್ಲೂ ಚರ್ಮದ ಕ್ಯಾನ್ಸರ್ ಕಂಡರು. ಹಾಗಾದರೆ ಡಾಂಬರನ್ನು ಪ್ರಾಣಿಗೆ ಹಚ್ಚಿ ನೋಡಬಹುದಲ್ಲ? ಹಲವರು ಹಚ್ಚಿದರು. ಏನೂ ಕಾಣದೆ ಕೈಬಿಟ್ಟರು.

ಕತ್ಸುಸಬುರೊ ಯಾಮಗಿವ ಕೈಬಿಡಲಿಲ್ಲ. ಟೋಕಿಯೊ ಇಂಪೀರಿಯಲ್ ವಿಶ್ವವಿದ್ಯಾಲಯದ ಈ ರೋಗಶಾಸ್ತ್ರಜ್ಞರು ಬರ್ಲಿನ್ನಿನಲ್ಲಿ ರುಡಾಲ್ಫ್ ವಿರ್ಖೊ ಅವರ ಬಳಿ ಕಲಿತು ಬಂದವರು. ಮತ್ತೆ ಮತ್ತೆ ಆಗುವ ಕೆರಳಿಕೆಯಿಂದಲೇ ಕ್ಯಾನ್ಸರ್ ಹುಟ್ಟುತ್ತದೆ ಎಂಬ ಗುರುವಿನ ವಾದವನ್ನು ನಂಬಿದವರು. ಕ್ಷಯ ಅವರನ್ನು ಹಣ್ಣು ಮಾಡಿತ್ತು. ದಿನದಿನದ ದುಡಿಮೆ ಹೊತ್ತವರು ಪಶುವೈದ್ಯಕೀಯ ಓದಿದ ಕೊಯಿಚಿ ಇಚಿಕಾವ. ಎರಡು ಮೂರು ದಿನಕ್ಕೊಮ್ಮೆ ಮೊಲವನ್ನು ಹಿಡಿದು, ಕಿವಿಯ ಒಳಮೈಗೆ ಕಲ್ಲಿದ್ದಲು ಡಾಂಬರು ಬಳಿಯುವುದು. ಒಣಗಿದ ಹಕ್ಕಳೆ ಕಿತ್ತು ಅದೇ ಜಾಗಕ್ಕೆ ಮತ್ತೆ ಬಳಿಯುವುದು. ಕೂದಲು ಉದುರಿತು, ಚರ್ಮ ದಪ್ಪವಾಯಿತು, ನರುಲಿಯಂಥ ಗಂಟುಗಳೆದ್ದವು. ಅಷ್ಟಕ್ಕೇ ನಿಲ್ಲಿಸದೆ ತಿಂಗಳುಗಟ್ಟಲೆ ಮುಂದುವರಿಸಿದಾಗ ಕೆಲವು ಗಂಟುಗಳು ಬುಡದ ಅಂಗಾಂಶಕ್ಕೆ ಕೊರೆದುಕೊಂಡು ಇಳಿದವು. ಕೆಲವು ಮೊಲಗಳಲ್ಲಿ ದುಗ್ಧಗ್ರಂಥಿಗೂ ಹರಡಿದವು. ಹಿಂದಿನವರಿಗೆ ಬೇಕಾಗಿದ್ದದ್ದು ಬೇರೆ ಪ್ರಾಣಿ ಮತ್ತು ಇನ್ನಷ್ಟು ಕಾಲ, ಅಷ್ಟೆ. ಆ ಮೂಕಪ್ರಾಣಿಗಳು ಪಟ್ಟ ಪಾಡನ್ನು ಮರೆತು ಈ ಕಥೆ ಹೇಳುವುದು ಸರಿಯಲ್ಲ. ಯಾಮಗಿವ ಅವರಿಗೆ ನೊಬೆಲ್ ಬರಲಿಲ್ಲ. 1926ರ ಪ್ರಶಸ್ತಿ, ಹುಳುವಿನಿಂದ ಕ್ಯಾನ್ಸರ್ ಬರುತ್ತದೆಂದ ಡೆನ್ಮಾರ್ಕಿನ ಯೊಹಾನೆಸ್ ಫಿಬಿಗರ್ ಅವರಿಗೆ ಹೋಯಿತು. ಆ ತೀರ್ಮಾನ ಮುಂದೆ ತಪ್ಪೆಂದು ಗೊತ್ತಾಯಿತು.

ಡಾಂಬರಿನಲ್ಲಿ ನೂರಾರು ವಸ್ತುಗಳಿವೆ. ಅಪರಾಧಿ ಯಾವುದು? ಲಂಡನ್ನಿನಲ್ಲಿ ಅರ್ನೆಸ್ಟ್ ಕೆನ್ನವೇ ಮತ್ತು ಸಂಗಡಿಗರು ಈ ಪ್ರಶ್ನೆಯ ಬೆನ್ನು ಹತ್ತಿದರು. ಡಾಂಬರಿನ ಮೇಲೆ ಅತಿನೇರಳೆ ಬೆಳಕು ಬಿದ್ದಾಗ ಹೊಮ್ಮುವ ಹೊಳಪೇ ಅವರಿಗೆ ಸುಳಿವು. 1930ರಲ್ಲಿ ಮೊದಲ ಬಾರಿಗೆ ಒಂದು ಶುದ್ಧ ರಾಸಾಯನಿಕದಿಂದ ಇಲಿಯ ಚರ್ಮದಲ್ಲಿ ಕ್ಯಾನ್ಸರ್ ಬಂದುದನ್ನು ತೋರಿಸಿದರು. 1933ರಲ್ಲಿ ಎರಡು ಟನ್ ಡಾಂಬರು ಗಸಿಯಿಂದ ಹಳದಿ ಹರಳುಗಳನ್ನು ಬೇರ್ಪಡಿಸಿದರು. ಅದೇ ಬೆಂಜೊಪೈರೀನ್. ಮಸಿಯಲ್ಲೂ ಇದೆ, ಬೀಡಿ ಸಿಗರೇಟಿನ ಹೊಗೆಯಲ್ಲೂ ಇದೆ.

ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ಅತಿ ಮುಖ್ಯ ತಿರುವು ಬಂದದ್ದು 1940ರ ದಶಕದಲ್ಲಿ, ನಮ್ಮ ನಾಟಿ ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಜಾಪಾಳದ ಬೀಜದಿಂದ. ಭೇದಿ ಮಾಡಿಸಲು ಕೊಡುವ ಅದರ ಎಣ್ಣೆ ಚರ್ಮಕ್ಕೆ ತಾಗಿದರೆ ಉರಿ, ಬೊಕ್ಕೆ. ಆಕ್ಸ್‌ಫರ್ಡಿನ ಐಸಾಕ್ ಬೆರೆನ್‌ಬ್ಲಮ್ ಮತ್ತು ಫಿಲಿಪ್ ಶುಬಿಕ್ ಇಲಿಯ ಬೆನ್ನಿಗೆ ಡಿಎಂಬಿಎ ಎಂಬ ಕ್ಯಾನ್ಸರ್‌ಕಾರಕವನ್ನು ಒಂದೇ ಒಂದು ಸಲ, ಅದೂ ಅತಿ ಕಡಿಮೆ ಪ್ರಮಾಣದಲ್ಲಿ ಹಚ್ಚಿದರು. ಏನೂ ಆಗಲಿಲ್ಲ. ಆಮೇಲೆ ಅದೇ ಜಾಗಕ್ಕೆ ಜಾಪಾಳದೆಣ್ಣೆಯನ್ನು ಮತ್ತೆ ಮತ್ತೆ ಸವರಿದಾಗ ಗಂತಿಗಳೆದ್ದವು. ಎಣ್ಣೆ ಮೊದಲು, ಡಿಎಂಬಿಎ ಆಮೇಲೆ ಎಂದು ಸರದಿ ತಿರುಗಿಸಿದರೆ ಗಂತಿಯಿಲ್ಲ. ನಡುವೆ ತಿಂಗಳುಗಟ್ಟಲೆ ಸುಮ್ಮನಿದ್ದು ಎಣ್ಣೆ ಸವರಿದರೂ ಗಂತಿ ಬಂದೇ ಬಂತು. ಅಂದರೆ ಮೊದಲ ಏಟಿನ ಗುರುತು ಅಳಿಯುವುದಿಲ್ಲ. ಆದರೆ ಅದೊಂದೇ ಸಾಲದು. ಆ ಗುರುತಿರುವ ಕೋಶವನ್ನು ಬೆಳೆಯುವಂತೆ ಪದೇಪದೇ ಕೆರಳಿಸುವ ಇನ್ನೊಂದು ಬೇಕು.

ಆ ಗುರುತು ಬೀಳುವುದು ಎಲ್ಲಿ? ಡಿಎನ್ಎಯಲ್ಲಿ. ಬೆಂಜೊಪೈರೀನ್ ತಾನೇ ತಾನಾಗಿ ಡಿಎನ್ಎಗೆ ಅಂಟಿಕೊಳ್ಳುವುದಿಲ್ಲ. ಕೊಬ್ಬಿನಲ್ಲಿ ಕರಗುವ ಅದನ್ನು ನೀರಿನಲ್ಲಿ ಕರಗುವಂತೆ ಮಾಡಿ ಹೊರಹಾಕಲು ನಮ್ಮ ಕೋಶದ ಕಿಣ್ವಗಳೇ ಹೊರಡುತ್ತವೆ. ಆ ಯತ್ನದ ನಡುವೆ ಹುಟ್ಟುವ ಉಗ್ರ ರೂಪವೊಂದು ಡಿಎನ್ಎಗೆ ಕಚ್ಚಿಕೊಳ್ಳುತ್ತದೆ. ದುರಸ್ತಿಯಾಗುವ ಮೊದಲೇ ಕೋಶ ಒಡೆದು ಎರಡಾದರೆ ತಪ್ಪು ಪ್ರತಿ ಉಳಿದುಬಿಡುತ್ತದೆ. 1986ರಲ್ಲಿ ಗ್ಲಾಸ್ಗೋದ ಅಲನ್ ಬಾಲ್ಮೈನ್ ಅವರ ತಂಡ, ಡಿಎಂಬಿಎ ಹಚ್ಚಿದ ಇಲಿಗಳ ಗಂತಿಗಳಲ್ಲಿ ಹೆಚ್ಚಿನವುಗಳಲ್ಲಿ ರಾಸ್ ಎಂಬ ಜೀನಿನ ಒಂದೇ ನೆಲೆಯಲ್ಲಿ ಒಂದೇ ಅಕ್ಷರ ಬದಲಾಗಿರುವುದನ್ನು ಕಂಡಿತು.

ಇಷ್ಟು ತಿಳಿಯಲು ಇನ್ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಆದರೆ ಪಾಟ್ ಬರೆದ ಮೂರೇ ವರ್ಷಕ್ಕೆ ಡೆನ್ಮಾರ್ಕಿನ ಚಿಮಣಿ ಕೆಲಸಗಾರರ ಸಂಘ ದಿನವೂ ಸ್ನಾನ ಮಾಡಿ ಎಂದು ತನ್ನವರಿಗೆ ಹೇಳಿತ್ತು. 1892ರಲ್ಲಿ ಲಂಡನ್ನಿನ ಹೆನ್ರಿ ಬಟ್ಲಿನ್ ಹೋಲಿಸಿ ನೋಡಿದಾಗ, ಮೈ ತೊಳೆಯುವ, ಮೈತುಂಬ ಬಿಗಿಯಾದ ಬಟ್ಟೆ ತೊಡುವ ಯುರೋಪಿನ ಇತರ ದೇಶಗಳ ಕೆಲಸಗಾರರಲ್ಲಿ ಈ ರೋಗ ತೀರಾ ವಿರಳವಾಗಿತ್ತು. ಇಂಗ್ಲೆಂಡಿನಲ್ಲಿ ಮಕ್ಕಳನ್ನು ಚಿಮಣಿ ಹತ್ತಿಸುವುದು ನಿಜವಾಗಿ ನಿಂತದ್ದು 1875ರ ಕಾಯಿದೆಯ ನಂತರ. ಕಾರಣ ಗೊತ್ತಿದ್ದೂ ನೂರು ವರ್ಷ ಮಕ್ಕಳನ್ನು ಮಸಿಗೆ ದೂಡಿದ್ದು ಅಕ್ಷಮ್ಯ.

ನಮ್ಮ ಗ್ಯಾರೇಜುಗಳಲ್ಲಿ ಇಂದಿಗೂ ಹುಡುಗರು ಸುಟ್ಟ ಎಂಜಿನ್ ಆಯಿಲ್‌ನಲ್ಲಿ ಬರಿಗೈ ಅದ್ದುತ್ತಾರೆ, ಆಯಿಲ್ ಒರೆಸಿದ ಬಟ್ಟೆಯನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಳ್ಳುತ್ತಾರೆ. ಹಾಗೆ ಬಳಸಿದ ಆಯಿಲ್ ಇಲಿಯ ಚರ್ಮದ ಮೇಲೆ ಕ್ಯಾನ್ಸರ್ ತರಿಸಿದೆ. ಮಾಲೀಕರೇ, ಕೈಗವಸು, ಸೋಪು, ನೀರು ಒದಗಿಸಿ. ಕೆಲಸಗಾರರೇ, ಆ ಬಟ್ಟೆಯನ್ನು ಜೇಬಿನಲ್ಲಿ ಇಟ್ಟುಕೊಳ್ಳಬೇಡಿ. ಚರ್ಮದ ಮೇಲೆ ವಾರಗಟ್ಟಲೆ ಮಾಯದ ಹುಣ್ಣೋ ಹೊಸ ಗಂಟೋ ಕಂಡರೆ ವೈದ್ಯರಿಗೆ ತೋರಿಸಿ. ನೀವು ಏನು ಕೆಲಸ ಮಾಡುತ್ತೀರಿ ಎಂಬುದನ್ನೂ ಅವರಿಗೆ ಹೇಳಿ.